ವೋಟು ಕೈ ಬದಲಾಯಿತು, ನೋಟು ಎರಡೂ ಕಡೆ ಉಳಿಯಿತು

1921ರ ಆಗಸ್ಟ್ 1. ಅಮೆರಿಕದ ವೆಸ್ಟ್ ವರ್ಜೀನಿಯಾ ರಾಜ್ಯದ ಮ್ಯಾಕ್‌ಡೊವೆಲ್ ಕೌಂಟಿ, ಅಂದರೆ ನಮ್ಮ ಜಿಲ್ಲೆಯಂಥದ್ದು. ವೆಲ್ಚ್ ಎಂಬ ಊರಿನ ಕೋರ್ಟಿನ ಮೆಟ್ಟಿಲ ಮೇಲೆ ಸಿಡ್ ಹ್ಯಾಟ್‌ಫೀಲ್ಡ್ ಎಂಬ ಪೊಲೀಸ್ ಅಧಿಕಾರಿಯನ್ನು ಹಾಡಹಗಲೇ ಗುಂಡಿಟ್ಟು ಕೊಂದರು. ಆತನ ಕೈಯಲ್ಲಿ ಆಯುಧ ಇರಲಿಲ್ಲ, ಪಕ್ಕದಲ್ಲಿ ಹೆಂಡತಿ ಇದ್ದಳು. ಕೊಂದವರು ಕಲ್ಲಿದ್ದಲು ಕಂಪನಿಗಳು ದುಡ್ಡು ಕೊಟ್ಟು ಇಟ್ಟುಕೊಂಡಿದ್ದ ಖಾಸಗಿ ಪತ್ತೇದಾರರು. ಆತ ಗಣಿ ಕೆಲಸಗಾರರ ಪರ ನಿಂತಿದ್ದ, ಅದೇ ಸಿಟ್ಟು. ಈ ಕೊಲೆಗೆ ಯಾರಿಗೂ ಶಿಕ್ಷೆ ಆಗಲಿಲ್ಲ. ತಿಂಗಳೊಳಗೆ ಸುಮಾರು 10,000 ಗಣಿ ಕೆಲಸಗಾರರು ಬಂದೂಕು ಹಿಡಿದು ಬ್ಲೇರ್ ಬೆಟ್ಟದ ಕಡೆ ಹೊರಟರು. ಅವರನ್ನು ತಡೆಯಲು ಕೊನೆಗೆ ಕೇಂದ್ರದ ಸೈನ್ಯವೇ ಬರಬೇಕಾಯಿತು.

1930ರ ದಶಕದಲ್ಲಿ ಫ್ರಾಂಕ್ಲಿನ್ ರೂಸ್‌ವೆಲ್ಟ್ ಸರ್ಕಾರ ಯೂನಿಯನ್ ಕಟ್ಟುವ ಹಕ್ಕನ್ನು ಕಾನೂನು ಮಾಡಿತು. ಆಮೇಲೆ ಈ ಗಣಿ ಊರುಗಳು ಹಲವು ದಶಕ ಡೆಮಾಕ್ರಟಿಕ್ ಪಕ್ಷದ ಕೈ ಬಿಡಲಿಲ್ಲ. ಅಮೆರಿಕದ ರಾಜಕೀಯ ಅಂದರೆ ನಮ್ಮಲ್ಲಿ ಬಹಳ ಜನರ ತಲೆಯಲ್ಲಿ ಇವತ್ತಿಗೂ ಇರುವ ಚಿತ್ರ ಆ ಕಾಲದ್ದೇ. ರಿಪಬ್ಲಿಕನ್ ಅಂದರೆ ಸಾಹುಕಾರರ ಪಕ್ಷ, ಡೆಮಾಕ್ರಟಿಕ್ ಅಂದರೆ ದುಡಿಯುವವರ ಪಕ್ಷ. ಲೆಕ್ಕ ಸುಲಭ, ಅಲ್ವಾ?

ಈಗ ಅದೇ ಮ್ಯಾಕ್‌ಡೊವೆಲ್ ಕೌಂಟಿಯನ್ನು ನೋಡಿ. 1950ರಲ್ಲಿ ಅಲ್ಲಿ ಒಂದು ಲಕ್ಷದ ಹತ್ತಿರ ಜನ ಇದ್ದರು. 2020ರ ಜನಗಣತಿಯಲ್ಲಿ 20,000ಕ್ಕಿಂತ ಕಡಿಮೆ. ದೇಶದ ಅತಿ ಬಡ ಕೌಂಟಿಗಳಲ್ಲಿ ಅದೂ ಒಂದು. 2008ರಲ್ಲಿ ಆ ಜನ ಬರಾಕ್ ಒಬಾಮಾರನ್ನು ಗೆಲ್ಲಿಸಿದರು. 2016ರ ಮೇ ತಿಂಗಳಲ್ಲಿ ಡೆಮಾಕ್ರಟಿಕ್ ಪಕ್ಷದ ಅಭ್ಯರ್ಥಿಯನ್ನು ಆರಿಸುವ ಪ್ರೈಮರಿ ಚುನಾವಣೆ ನಡೆದಾಗ, ಕೋಟ್ಯಧಿಪತಿಗಳ ವಿರುದ್ಧ ದಿನಾ ಕೂಗಾಡುವ ಬರ್ನಿ ಸ್ಯಾಂಡರ್ಸ್‌ಗೆ ಹೆಚ್ಚು ವೋಟು ಕೊಟ್ಟರು. ಅದೇ ವರ್ಷ ನವೆಂಬರ್‌ನಲ್ಲಿ, ಬಿದ್ದ ನಾಲ್ಕು ವೋಟಿನಲ್ಲಿ ಸುಮಾರು ಮೂರು ಡೊನಾಲ್ಡ್ ಟ್ರಂಪ್‌ಗೆ ಹೋದವು. ಅವತ್ತೇ ರಾಜ್ಯದ ಗವರ್ನರ್ ಆಗಿ ಗೆದ್ದವರು ಜಿಮ್ ಜಸ್ಟಿಸ್. ಡೆಮಾಕ್ರಟಿಕ್ ಟಿಕೆಟ್‌ನಲ್ಲಿ ನಿಂತವರು, ಕಲ್ಲಿದ್ದಲು ಗಣಿಗಳ ಮಾಲೀಕರು. ಮುಂದಿನ ಆಗಸ್ಟ್‌ನಲ್ಲಿ ಟ್ರಂಪ್ ಸಭೆಯ ವೇದಿಕೆ ಹತ್ತಿ ತಾನಿನ್ನು ರಿಪಬ್ಲಿಕನ್ ಎಂದು ಸಾರಿದರು. 2024ರಲ್ಲಿ ಆ ಪಕ್ಷದಿಂದಲೇ ಸೆನೆಟ್‌ಗೆ ಆಯ್ಕೆಯಾದರು.

ಗಣಿ ಧಣಿಗಳ ವಿರುದ್ಧ ಬಂದೂಕು ಹಿಡಿದವರ ಮೊಮ್ಮಕ್ಕಳು ಗಣಿ ಧಣಿಗೆ ವೋಟು ಹಾಕಿದರು ಎಂದು ನಕ್ಕು ಮುಂದೆ ಹೋಗಬಹುದು. ಬಹಳಷ್ಟು ಜನ ಹಾಗೇ ಮಾಡುತ್ತಾರೆ. ಆದರೆ ಗಮನಿಸಿ: ಆ ಧಣಿ ಮೊದಲು ಗೆದ್ದಿದ್ದು ದುಡಿಯುವವರ ಪಕ್ಷ ಎನಿಸಿಕೊಂಡ ಪಕ್ಷದಿಂದಲೇ. ಅಮೆರಿಕದಲ್ಲಿ ಕಳೆದ 50 ವರ್ಷದಲ್ಲಿ ಯಾವ ವರ್ಗದ ಜನ ಯಾವ ಪಕ್ಷಕ್ಕೆ ವೋಟು ಹಾಕುತ್ತಾರೆ ಎನ್ನುವುದು ಹೆಚ್ಚುಕಡಿಮೆ ತಲೆಕೆಳಗಾಗಿದೆ. ದುಡ್ಡಿದ್ದವರು ಮಾತ್ರ ಎರಡೂ ಕಡೆ ಜಾಗ ಹಿಡಿದೇ ಕೂತಿದ್ದಾರೆ. ಈ ಎರಡನ್ನೂ ಬೇರೆ ಬೇರೆ ಇಟ್ಟು ನೋಡದಿದ್ದರೆ ಅಲ್ಲಿಯ ರಾಜಕೀಯ ಅರ್ಥವೇ ಆಗುವುದಿಲ್ಲ.

ವೋಟು ಹೇಗೆ ಅದಲುಬದಲಾಯಿತು

ಮೊದಲ ಕಾರಣ ಯೂನಿಯನ್‌ಗಳು ಕರಗಿದ್ದು. 1950ರ ದಶಕದ ನಡುವಿನಲ್ಲಿ ಅಮೆರಿಕದ ಮೂವರು ಕೆಲಸಗಾರರಲ್ಲಿ ಒಬ್ಬರು ಯೂನಿಯನ್ ಸದಸ್ಯರು. ಈಗ ಹತ್ತರಲ್ಲಿ ಒಬ್ಬರು. ಖಾಸಗಿ ಕಂಪನಿಗಳಲ್ಲಂತೂ ನೂರಕ್ಕೆ ಆರೇ ಜನ. ಯೂನಿಯನ್ ಅಂದರೆ ಸಂಬಳದ ಚೌಕಾಸಿ ಮಾತ್ರ ಆಗಿರಲಿಲ್ಲ. ಚುನಾವಣೆ ಬಂದಾಗ ಯಾರು ನಮ್ಮವರು, ಯಾಕೆ ನಮ್ಮವರು ಎಂದು ಪಕ್ಕದ ಮನೆಯವನೇ ಬಂದು ಹೇಳುವ ವ್ಯವಸ್ಥೆ ಅದು. ಅದು ಹೋದ ಜಾಗಕ್ಕೆ ಚರ್ಚು, ಟಿವಿ ಚಾನೆಲ್, ಬಂದೂಕು ಸಂಘ ಬಂದವು.

ಎರಡನೆಯದು ಡೆಮಾಕ್ರಟರದೇ ಕೆಲಸ. ಮೆಕ್ಸಿಕೊ, ಕೆನಡಾ ಜೊತೆಗಿನ ಮುಕ್ತ ವ್ಯಾಪಾರದ ನಾಫ್ಟಾ ಒಪ್ಪಂದವನ್ನು 1993ರಲ್ಲಿ ಸಂಸತ್ತಿನಲ್ಲಿ ಪಾಸು ಮಾಡಿಸಿದವರು ಡೆಮಾಕ್ರಟ್ ಅಧ್ಯಕ್ಷ ಬಿಲ್ ಕ್ಲಿಂಟನ್. 1999ರಲ್ಲಿ ಬ್ಯಾಂಕುಗಳ ಮೇಲಿನ ಹಳೇ ಕಡಿವಾಣ ಸಡಿಲಿಸುವ ಕಾನೂನಿಗೆ ಸಹಿ ಹಾಕಿದವರೂ ಅವರೇ. 2000ದಲ್ಲಿ ಚೀನಾದ ಜೊತೆ ಕಾಯಂ ವ್ಯಾಪಾರ ಸಂಬಂಧಕ್ಕೂ ಅವರದೇ ಸಹಿ. ಆಮೇಲಿನ ಹತ್ತು ವರ್ಷದಲ್ಲಿ ಅಮೆರಿಕದ ಕಾರ್ಖಾನೆ ಕೆಲಸಗಳು ಸುಮಾರು 1.7 ಕೋಟಿಯಿಂದ 1.15 ಕೋಟಿಯ ಆಸುಪಾಸಿಗೆ ಇಳಿದವು. ಎಲ್ಲವೂ ಈ ಒಪ್ಪಂದಗಳಿಂದಲೇ ಹೋದದ್ದಲ್ಲ, ಯಂತ್ರಗಳೂ ತಿಂದವು, 2008ರ ಕುಸಿತವೂ ತಿಂದಿತು. ಆದರೆ ಕೆಲಸ ಕಳೆದುಕೊಂಡವನಿಗೆ ಸಹಿ ಹಾಕಿದವರ ಮುಖ ನೆನಪಿರುತ್ತದೆ.

ಮೂರನೆಯದು ಜನಾಂಗ, ಧರ್ಮ, ಗರ್ಭಪಾತ, ಬಂದೂಕು, ವಲಸೆ. 1964ರಲ್ಲಿ ಡೆಮಾಕ್ರಟ್ ಅಧ್ಯಕ್ಷ ಲಿಂಡನ್ ಜಾನ್ಸನ್ ನಾಗರಿಕ ಹಕ್ಕು ಕಾಯ್ದೆಗೆ ಸಹಿ ಹಾಕಿದ ಮೇಲೆ ದಕ್ಷಿಣ ರಾಜ್ಯಗಳ ಬಿಳಿಯರು ಒಂದೊಂದೇ ಹೆಜ್ಜೆ ಇಟ್ಟು ಡೆಮಾಕ್ರಟಿಕ್ ಪಕ್ಷದಿಂದ ದೂರವಾದರು. ಹಾಗಾಗಿ 'ಬಡವರು ರಿಪಬ್ಲಿಕನ್ ಆದರು' ಎಂದು ಸುಮ್ನೆ ಹೇಳಿಬಿಟ್ಟರೆ ತಪ್ಪಾಗುತ್ತದೆ. ಕಪ್ಪು ಜನಾಂಗದ ಬಡವರು ಇಂದಿಗೂ ಬಹುತೇಕ ಡೆಮಾಕ್ರಟರ ಜೊತೆಗೇ ಇದ್ದಾರೆ. ದೊಡ್ಡ ಸಂಖ್ಯೆಯಲ್ಲಿ ಪಕ್ಷ ಬದಲಿಸಿದವರು ಕಾಲೇಜು ಮೆಟ್ಟಿಲು ಹತ್ತದ ಬಿಳಿಯರು. ಇತ್ತೀಚೆಗೆ ಲ್ಯಾಟಿನೋಗಳಲ್ಲೂ ಒಂದು ಪಾಲು ಆ ಕಡೆ ಸರಿದಿದೆ.

2016ರ ಮಾರ್ಚ್‌ನಲ್ಲಿ ಹಿಲರಿ ಕ್ಲಿಂಟನ್ ಒಂದು ಟಿವಿ ಸಭೆಯಲ್ಲಿ, ನಾವು ಬಹಳಷ್ಟು ಕಲ್ಲಿದ್ದಲು ಕೆಲಸಗಾರರನ್ನೂ ಕಂಪನಿಗಳನ್ನೂ ಕೆಲಸದಿಂದ ತೆಗೆಯಲಿದ್ದೇವೆ ಎಂಬ ಅರ್ಥದ ಮಾತಾಡಿದರು. ಮುಂದಿನ ಮಾತಿನಲ್ಲೇ ಆ ಜನರನ್ನು ಮರೆಯಬಾರದು ಅಂದರು. ಅವರ ಬಳಿ ಗಣಿ ಊರುಗಳಿಗಾಗಿ ಸಾವಿರಾರು ಕೋಟಿ ಡಾಲರ್‌ಗಳ ಪ್ಯಾಕೇಜೂ ಇತ್ತು. ಮೊದಲ ಮಾತು ಉಳಿಯಿತು, ಎರಡನೆಯದು ಗಾಳಿಗೆ ಹೋಯಿತು.

ಇನ್ನೊಂದು ತುದಿಯಲ್ಲಿ ವರ್ಜೀನಿಯಾದ ಲೌಡೌನ್ ಕೌಂಟಿ ಇದೆ. ರಾಜಧಾನಿ ವಾಷಿಂಗ್ಟನ್‌ಗೆ ಹತ್ತಿರ, ಡೇಟಾ ಸೆಂಟರ್‌ಗಳ ಅಡ್ಡೆ, ಭಾರತೀಯ ಟೆಕ್ಕಿಗಳೂ ಬಹಳ. ಕುಟುಂಬದ ಆದಾಯದ ಲೆಕ್ಕದಲ್ಲಿ ವರ್ಷವರ್ಷವೂ ದೇಶದ ಮೊದಲ ಸಾಲಿನಲ್ಲಿರುತ್ತದೆ. 1968ರಿಂದ 2004ರವರೆಗೆ ಪ್ರತಿ ಅಧ್ಯಕ್ಷ ಚುನಾವಣೆಯಲ್ಲೂ ರಿಪಬ್ಲಿಕನ್. 2008ರಿಂದ ಪ್ರತಿ ಸಲವೂ ಡೆಮಾಕ್ರಟಿಕ್.

2024ರ ಎಕ್ಸಿಟ್ ಪೋಲ್‌ಗಳೂ ಇದೇ ಹೇಳುತ್ತವೆ. ವರ್ಷಕ್ಕೆ 1 ಲಕ್ಷ ಡಾಲರ್ ಮೀರಿದ ಕುಟುಂಬಗಳಲ್ಲಿ ಕಮಲಾ ಹ್ಯಾರಿಸ್ ಸ್ವಲ್ಪ ಮುಂದೆ, ಅದರ ಕೆಳಗಿನವರಲ್ಲಿ ಟ್ರಂಪ್ ಸ್ವಲ್ಪ ಮುಂದೆ. ಆದಾಯಕ್ಕಿಂತ ದೊಡ್ಡ ಗೆರೆ ಎಳೆದಿದ್ದು ಡಿಗ್ರಿ. ಡಿಗ್ರಿ ಇದ್ದವರಲ್ಲಿ ಶೇ 55ರಷ್ಟು ಹ್ಯಾರಿಸ್ ಕಡೆ, ಇಲ್ಲದವರಲ್ಲಿ ಸುಮಾರು ಅಷ್ಟೇ ಪಾಲು ಟ್ರಂಪ್ ಕಡೆ.

ಹೈಕಮಾಂಡ್ ಇಲ್ಲದ ಪಕ್ಷ

ಇನ್ನು ದುಡ್ಡಿನ ವಿಷಯ. ಅದಕ್ಕೆ ಮೊದಲು ಒಂದು ವ್ಯತ್ಯಾಸ ತಿಳಿದಿರಬೇಕು. ನಮ್ಮಲ್ಲಿ ಟಿಕೆಟ್ ಕೊಡುವುದು ಪಕ್ಷ. ಬಿ ಫಾರಂ ಯಾರ ಕೈಗೆ ಅನ್ನುವುದು ದೆಹಲಿಯಲ್ಲೋ ನಾಯಕರ ಮನೆಯಲ್ಲೋ ತೀರ್ಮಾನವಾಗುತ್ತದೆ. ಅಮೆರಿಕದಲ್ಲಿ ಪಕ್ಷಕ್ಕೆ ಆ ಅಧಿಕಾರ ಇಲ್ಲ. ಪಕ್ಷದ ಅಭ್ಯರ್ಥಿ ಯಾರು ಎನ್ನುವುದಕ್ಕೇ ಮೊದಲು ಒಂದು ಚುನಾವಣೆ ನಡೆಯುತ್ತದೆ. ಅದು ಪ್ರೈಮರಿ. ಕೇಳಲು ಬಹಳ ಪ್ರಜಾಸತ್ತಾತ್ಮಕ. ಆದರೆ ಪ್ರೈಮರಿ ಗೆಲ್ಲಬೇಕಾದರೆ ಪಕ್ಷದ ನೆರಳಿಲ್ಲದೆ ನಿಮ್ಮ ಹೆಸರನ್ನು ನೀವೇ ಊರಿಗೆಲ್ಲ ಮುಟ್ಟಿಸಬೇಕು. ಟಿವಿ ಜಾಹೀರಾತು, ಅಂಚೆಯಲ್ಲಿ ಕರಪತ್ರ, ಆಫೀಸು, ಸಂಬಳದ ಸಿಬ್ಬಂದಿ. ದುಡ್ಡು ಹೊಂದಿಸಬಲ್ಲವರು ಮಾತ್ರ ಕಣದಲ್ಲಿ ಉಳಿಯುತ್ತಾರೆ. ಅಂದರೆ ಮತದಾರರು ನೋಡುವ ಮೊದಲೇ ದಾನಿಗಳ ಜರಡಿಯಲ್ಲಿ ಒಂದು ಸುತ್ತು ಆಗಿರುತ್ತದೆ.

ಗೆದ್ದ ಮೇಲೂ ಇದು ಬಿಡುವುದಿಲ್ಲ. ಕೆಳಮನೆಯ ಅವಧಿ ಎರಡೇ ವರ್ಷ. ಡೆಮಾಕ್ರಟಿಕ್ ಪಕ್ಷ ಹೊಸ ಸಂಸದರಿಗೆ ತೋರಿಸಿದ ಒಂದು ದಿನಚರಿ 2013ರಲ್ಲಿ ಹೊರಬಿತ್ತು. ಅದರಲ್ಲಿ ಸದನ ಮತ್ತು ಸಮಿತಿಗೆ ದಿನಕ್ಕೆ ಎರಡು ಗಂಟೆ. ಕ್ಷೇತ್ರದ ಜನರಿಗೆ ಒಂದೆರಡು ಗಂಟೆ. ದಾನಿಗಳಿಗೆ ಫೋನ್ ಮಾಡಿ ಚಂದಾ ಕೇಳಲು ನಾಲ್ಕು ಗಂಟೆ! ಸರ್ಕಾರಿ ಕಚೇರಿಯಿಂದ ಚಂದಾ ಕೇಳುವುದು ಕಾನೂನುಬಾಹಿರ. ಅದಕ್ಕೇ ಎರಡೂ ಪಕ್ಷಗಳು ಸಂಸತ್ ಭವನದ ಹತ್ತಿರ ತಮ್ಮದೇ ಕಟ್ಟಡದಲ್ಲಿ ಫೋನ್ ಕೋಣೆಗಳನ್ನು ಇಟ್ಟಿವೆ. ಸಂಸದರು ಸದನದಿಂದ ಎದ್ದು ನಡೆದುಹೋಗಿ ಅಲ್ಲಿ ಕೂತು, ಕೈಯಲ್ಲಿ ಹೆಸರಿನ ಪಟ್ಟಿ ಹಿಡಿದು ಒಂದರ ಹಿಂದೆ ಒಂದು ನಂಬರ್ ಒತ್ತುತ್ತಾರೆ. ಇದಕ್ಕೆ 'ಕಾಲ್ ಟೈಮ್' ಅನ್ನುತ್ತಾರೆ. ನನ್ನ ಮಟ್ಟಿಗೆ ಲಂಚದ ಕಥೆಗಳಿಗಿಂತ ಇದು ಜಾಸ್ತಿ ಮುಖ್ಯ. ದಿನಕ್ಕೆ ನಾಲ್ಕು ಗಂಟೆ ಸಾವಿರಗಟ್ಟಲೆ ಡಾಲರ್ ಕೊಡಬಲ್ಲವರ ಜೊತೆಗೇ ಮಾತಾಡುವವರಿಗೆ ದೇಶದ ಕಷ್ಟ ಯಾರ ಬಾಯಿಂದ ಕೇಳಿಸುತ್ತದೆ? ಯಾರೂ ಯಾರನ್ನೂ ಕೊಳ್ಳಬೇಕಾಗಿಲ್ಲ. ಕಿವಿ ಅತ್ತ ಕಡೆ ತಿರುಗಿದ್ದರೆ ಸಾಕು.

ರಾಜ್ಯಗಳ ಮಟ್ಟದಲ್ಲಿ ಜರಡಿಯ ಕಣ್ಣು ಇನ್ನೂ ಸಣ್ಣದು. ನ್ಯೂ ಹ್ಯಾಂಪ್‌ಶೈರ್ ರಾಜ್ಯದ ಕೆಳಮನೆಯಲ್ಲಿ 400 ಶಾಸಕರು. ವರ್ಷದ ಸಂಬಳ 100 ಡಾಲರ್. ಓದಿದ್ದು ಸರಿಯಾಗೇ ಇದೆ, ವರ್ಷಕ್ಕೆ ನೂರು ಡಾಲರ್. ಹೋಟೆಲಿನಲ್ಲಿ ತಟ್ಟೆ ಎತ್ತುವವರು, ಟ್ರಕ್ ಓಡಿಸುವವರು ಅಲ್ಲಿ ಶಾಸಕರಾಗುವುದು ಹೇಗೆ? ಕೈ ಕೆಲಸ ಮಾಡುತ್ತಿದ್ದು ನೇರ ವಾಷಿಂಗ್ಟನ್‌ನ ಸಂಸತ್ತಾದ ಕಾಂಗ್ರೆಸ್‌ಗೆ ಬಂದವರಂತೂ ನೂರಕ್ಕೆ ಒಬ್ಬಿಬ್ಬರು.

ಕಾನೂನು ಒಂದು ಹೆಜ್ಜೆ, ದುಡ್ಡು ಎರಡು ಹೆಜ್ಜೆ

ಚುನಾವಣೆ ದುಡ್ಡಿಗೆ ಬೇಲಿ ಹಾಕುವ ಪ್ರಯತ್ನ ಹಳೆಯದು. 1896ರಲ್ಲಿ ಅಧ್ಯಕ್ಷ ಅಭ್ಯರ್ಥಿ ವಿಲಿಯಂ ಮೆಕಿನ್ಲಿ ಪರವಾಗಿ ಮಾರ್ಕ್ ಹ್ಯಾನಾ ಎಂಬ ಉದ್ಯಮಿ ಬ್ಯಾಂಕುಗಳಿಂದ, ದೊಡ್ಡ ಕಂಪನಿಗಳಿಂದ ತೆರಿಗೆ ವಸೂಲಿ ಮಾಡಿದ ಹಾಗೆ ಹಣ ಎತ್ತಿದರು. 1907ರಲ್ಲಿ ಕಂಪನಿಗಳು ಅಭ್ಯರ್ಥಿಗಳಿಗೆ ನೇರ ದೇಣಿಗೆ ಕೊಡುವುದಕ್ಕೆ ನಿಷೇಧ ಬಂತು. ಆ ನಿಷೇಧ ಇವತ್ತಿಗೂ ಪುಸ್ತಕದಲ್ಲಿದೆ. ವಾಟರ್‌ಗೇಟ್ ಹಗರಣದ ಬಿಸಿಯಲ್ಲಿ 1974ರಲ್ಲಿ ದೇಣಿಗೆಗೂ ಖರ್ಚಿಗೂ ಮಿತಿ ಬಂತು, ಫೆಡರಲ್ ಚುನಾವಣಾ ಆಯೋಗ ಹುಟ್ಟಿತು.

ಎರಡೇ ವರ್ಷದಲ್ಲಿ ಸುಪ್ರೀಂ ಕೋರ್ಟ್ ಅದರ ಅರ್ಧ ಕಿತ್ತುಹಾಕಿತು. ಬಕ್ಲಿ ವಿರುದ್ಧ ವ್ಯಾಲಿಯೋ, 1976. ದೇಣಿಗೆಗೆ ಮಿತಿ ಇರಲಿ, ಏಕೆಂದರೆ ಅದರಲ್ಲಿ ಭ್ರಷ್ಟಾಚಾರದ ವಾಸನೆ ಇದೆ. ಖರ್ಚಿಗೆ ಮಿತಿ ಬೇಡ, ಏಕೆಂದರೆ ದುಡ್ಡು ಖರ್ಚು ಮಾಡಿ ಮಾತು ಹರಡುವುದು ವಾಕ್ ಸ್ವಾತಂತ್ರ್ಯದ ಭಾಗ. ಇದು ಕೋರ್ಟಿನ ತರ್ಕ. ಮುಂದಿನ ಎಲ್ಲ ಕಥೆಯೂ ಈ ಒಂದು ಬಿರುಕಿನಿಂದ ನುಗ್ಗಿ ಬಂದದ್ದು. 2010ರ ಜನವರಿಯಲ್ಲಿ ಸಿಟಿಜನ್ಸ್ ಯುನೈಟೆಡ್ ಪ್ರಕರಣದಲ್ಲಿ 5–4ರ ತೀರ್ಪು ಬಂತು: ಅಭ್ಯರ್ಥಿಯ ಜೊತೆ ಸೇರದೆ ಸ್ವತಂತ್ರವಾಗಿ ಖರ್ಚು ಮಾಡುವುದಾದರೆ ಕಂಪನಿಗಳೂ ಯೂನಿಯನ್‌ಗಳೂ ಎಷ್ಟು ಬೇಕಾದರೂ ಮಾಡಬಹುದು. ಎರಡು ತಿಂಗಳಲ್ಲಿ ಕೆಳಗಿನ ಕೋರ್ಟೊಂದು ಇದನ್ನು ಇನ್ನೊಂದು ಹೆಜ್ಜೆ ಎಳೆಯಿತು. ಅಭ್ಯರ್ಥಿಗೆ ಕೊಡದೆ ತಾನೇ ಖರ್ಚು ಮಾಡುವ, ಎಷ್ಟು ಬೇಕಾದರೂ ದೇಣಿಗೆ ಪಡೆಯಬಲ್ಲ ಗುಂಪು, ಅಂದರೆ ಸೂಪರ್ ಪ್ಯಾಕ್, ಹುಟ್ಟಿದ್ದು ಹೀಗೆ.

2024ರಲ್ಲಿ ಒಬ್ಬ ಸಾಮಾನ್ಯ ನಾಗರಿಕ ಒಬ್ಬ ಅಭ್ಯರ್ಥಿಗೆ ಒಂದು ಚುನಾವಣೆಗೆ ಕೊಡಬಹುದಾಗಿದ್ದು 3,300 ಡಾಲರ್. ಟ್ರಂಪ್‌ರನ್ನು ಗೆಲ್ಲಿಸಲೆಂದೇ ಇದ್ದ ಸೂಪರ್ ಪ್ಯಾಕ್‌ಗೆ ಟಿಮೊಥಿ ಮೆಲನ್ ಎಂಬ ಹಳೇ ಬ್ಯಾಂಕಿಂಗ್ ಮನೆತನದ ವಾರಸುದಾರ ಕೊಟ್ಟಿದ್ದು 15 ಕೋಟಿ ಡಾಲರ್. ಎಲಾನ್ ಮಸ್ಕ್ ಟ್ರಂಪ್ ಮತ್ತು ರಿಪಬ್ಲಿಕನ್ನರಿಗಾಗಿ ಸುರಿದದ್ದು ಸುಮಾರು 29 ಕೋಟಿ ಡಾಲರ್.

ಅಭ್ಯರ್ಥಿಯೂ ಸೂಪರ್ ಪ್ಯಾಕೂ ಮಾತಾಡಿಕೊಳ್ಳಬಾರದು ಎನ್ನುವುದು ನಿಯಮ. ಆದರೆ ನೀನು ಚಾಪೆ ಕೆಳಗೆ ತೂರಿದರೆ ನಾನು ರಂಗೋಲಿ ಕೆಳಗೆ ತೂರುತ್ತೇನೆ ಅನ್ನುವವರು ಎಲ್ಲೆಡೆ ಇದ್ದಾರೆ. 2014ರಲ್ಲಿ ಸೆನೆಟರ್ ಮಿಚ್ ಮೆಕಾನೆಲ್ ಅವರ ತಂಡ ಇಂಟರ್ನೆಟ್‌ನಲ್ಲಿ ಎರಡೂವರೆ ನಿಮಿಷದ ವಿಡಿಯೊ ಹಾಕಿತು. ಅದರಲ್ಲಿ ಒಂದು ಮಾತಿಲ್ಲ. ಹಿನ್ನೆಲೆಯಲ್ಲಿ ಸಂಗೀತ, ಮೆಕಾನೆಲ್ ಮೇಜಿನ ಹಿಂದೆ ಕೂತು ನಗುತ್ತಾರೆ, ಹೆಂಡತಿ ಪಕ್ಕ ನಿಂತು ನಗುತ್ತಾರೆ, ಅಷ್ಟೇ. ಇದನ್ನು ಯಾರು ನೋಡಬೇಕು? ಯಾರೂ ನೋಡಬೇಕಿಲ್ಲ. ಸೂಪರ್ ಪ್ಯಾಕ್‌ನವರು ಇಳಿಸಿಕೊಂಡು ತಮ್ಮ ಜಾಹೀರಾತಿಗೆ ಬಳಸಿಕೊಳ್ಳಲಿ ಎಂದು ಬಹಿರಂಗವಾಗಿ ಇಟ್ಟ ಸಾಮಾನು ಅದು. ಮಾತಾಡಿಕೊಂಡಿಲ್ಲವಲ್ಲ! ಜನ ಬಿದ್ದು ಬಿದ್ದು ನಕ್ಕರು, ಆ ವಿಡಿಯೊಗೆ ಬೇರೆ ಬೇರೆ ಹಾಡು ಜೋಡಿಸಿ ಹಂಚಿದರು. ಈಗ ಎರಡೂ ಪಕ್ಷದವರೂ ಇದನ್ನೇ ಮಾಡುತ್ತಾರೆ, ಯಾರೂ ನಗುವುದಿಲ್ಲ.

2024ರ ಮಾರ್ಚ್‌ನಲ್ಲಿ ಚುನಾವಣಾ ಆಯೋಗ ಮನೆ ಮನೆ ಪ್ರಚಾರದ ವಿಷಯದಲ್ಲಿ ಆ ನಿಯಮವನ್ನೂ ಸಡಿಲಿಸಿತು. ಅದಕ್ಕೆ ಅರ್ಜಿ ಹಾಕಿದ್ದು ಟೆಕ್ಸಾಸ್‌ನ ಒಂದು ಡೆಮಾಕ್ರಟ್ ಪರ ಸಂಸ್ಥೆ. ಅದರ ಪೂರ್ತಿ ಲಾಭ ಎತ್ತಿದ್ದು ಮಸ್ಕ್.

ಸೂಪರ್ ಪ್ಯಾಕ್‌ಗಳು ದಾನಿಗಳ ಹೆಸರನ್ನಾದರೂ ಹೇಳಬೇಕು. 'ಸಮಾಜ ಕಲ್ಯಾಣ' ಸಂಘ ಎಂದು ನೋಂದಾಯಿಸಿಕೊಂಡವು ಅದನ್ನೂ ಹೇಳಬೇಕಿಲ್ಲ. ಅಂಥ ಸಂಘ ಸೂಪರ್ ಪ್ಯಾಕ್‌ಗೆ ಹಣ ಕೊಟ್ಟರೆ ಪುಸ್ತಕದಲ್ಲಿ ಸಂಘದ ಹೆಸರು ಬರುತ್ತದೆ, ಹಿಂದಿನ ಮನುಷ್ಯನದಲ್ಲ. ಇದೇ ಡಾರ್ಕ್ ಮನಿ. ಹ್ಯಾರಿಸ್ ಪರ ಇದ್ದ ಫ್ಯೂಚರ್ ಫಾರ್ವರ್ಡ್ ಎಂಬ ದೊಡ್ಡ ಸೂಪರ್ ಪ್ಯಾಕ್‌ಗೂ ಇಂಥದೊಂದು ಹೆಸರಿಲ್ಲದ ಅಂಗ ಇತ್ತು. ಈ ವಿಷಯದಲ್ಲಿ ಮಡಿವಂತರು ಯಾರೂ ಇಲ್ಲ.

ದುಡ್ಡು ಗೆಲ್ಲಿಸುತ್ತದೆಯೇ?

ಹಾಗಾದರೆ ಜಾಸ್ತಿ ದುಡ್ಡಿದ್ದವರು ಗೆಲ್ಲುತ್ತಾರೆ, ಕಥೆ ಮುಗಿಯಿತು ಅಂದುಕೊಳ್ಳಬೇಡಿ. 2016ರಲ್ಲಿ ಜೆಬ್ ಬುಷ್ ಪರ ಸೂಪರ್ ಪ್ಯಾಕ್ 10 ಕೋಟಿ ಡಾಲರ್ ಮೀರಿ ಎತ್ತಿತು, ಪಕ್ಷದ ಅಭ್ಯರ್ಥಿಯನ್ನು ಆರಿಸುವ ಪ್ರತಿನಿಧಿಗಳಲ್ಲಿ ಅವರಿಗೆ ಸಿಕ್ಕಿದ್ದು ನಾಲ್ಕೇ ಜನ. 2020ರ ಪ್ರೈಮರಿಯಲ್ಲಿ ಮೈಕೆಲ್ ಬ್ಲೂಮ್‌ಬರ್ಗ್ ಸ್ವಂತ ಜೇಬಿನಿಂದ 100 ಕೋಟಿ ಡಾಲರ್ ಖರ್ಚು ಮಾಡಿ ಗೆದ್ದದ್ದು ಶಾಂತ ಸಾಗರದ ನಡುವಿನ ಅಮೆರಿಕನ್ ಸಮೋವಾ ಎಂಬ ದ್ವೀಪಸಮೂಹವನ್ನು ಮಾತ್ರ. ಹೊಳೆಯಲ್ಲಿ ಹುಣಸೆಹಣ್ಣು ತೊಳೆದ ಹಾಗಾಯಿತು. 2024ರಲ್ಲಿ ಹ್ಯಾರಿಸ್ ಕೆಲವೇ ತಿಂಗಳಲ್ಲಿ 100 ಕೋಟಿ ಡಾಲರ್‌ಗಿಂತ ಜಾಸ್ತಿ ಎತ್ತಿ ಸೋತರು. 2025ರಲ್ಲಿ ನ್ಯೂಯಾರ್ಕ್ ಮೇಯರ್ ಚುನಾವಣೆಯಲ್ಲಿ ಜೋಹ್ರಾನ್ ಮಮ್ದಾನಿ ವಿರುದ್ಧ ಸಾಹುಕಾರರು ಕೋಟಿಗಟ್ಟಲೆ ಸುರಿದರು, ಅವರು ಗೆದ್ದರು. ಅಲ್ಲಿ ನಗರಪಾಲಿಕೆಯೇ ಊರಿನವರ ಸಣ್ಣ ದೇಣಿಗೆಯ ಪ್ರತಿ ಡಾಲರ್‌ಗೆ ಎಂಟು ಡಾಲರ್ ಸೇರಿಸಿ ಕೊಡುತ್ತದೆ ಎನ್ನುವುದನ್ನೂ ಮರೆಯಬಾರದು.

ಎಲ್ಲರ ಕಣ್ಣೂ ನೆಟ್ಟಿರುವ ಚುನಾವಣೆಯಲ್ಲಿ ದುಡ್ಡಿನ ಕೈ ಅಷ್ಟು ಉದ್ದ ಇಲ್ಲ. ಅದರ ಆಟ ನಡೆಯುವುದು ಯಾರೂ ನೋಡದ ಕಡೆ. ನನಗೆ ಇದು ಅತ್ಯಂತ ಚೆನ್ನಾಗಿ ಕಾಣುವುದು 'ಕ್ಯಾರೀಡ್ ಇಂಟರೆಸ್ಟ್' ಎಂಬ ತೆರಿಗೆ ಕಿಂಡಿಯಲ್ಲಿ. ಸ್ವಲ್ಪ ನಿಧಾನವಾಗಿ ನೋಡೋಣ.

ಪ್ರೈವೇಟ್ ಇಕ್ವಿಟಿ ಫಂಡ್ ನಡೆಸುವವರು ಬೇರೆಯವರ ದುಡ್ಡನ್ನು ಹೂಡಿಕೆ ಮಾಡುತ್ತಾರೆ. ಬಂದ ಲಾಭದಲ್ಲಿ ಸಾಮಾನ್ಯವಾಗಿ ಶೇ 20 ಅವರದು. ಲಾಭ 10 ಕೋಟಿ ಡಾಲರ್ ಅಂದುಕೊಳ್ಳಿ, ಅವರ ಪಾಲು 2 ಕೋಟಿ. ಅದು ಅವರ ಕೆಲಸದ ಪ್ರತಿಫಲ. ಸಂಬಳ ಎಂದು ಪರಿಗಣಿಸಿದರೆ ಮೇಲಿನ ದರ ಶೇ 37, ತೆರಿಗೆ ಸುಮಾರು 74 ಲಕ್ಷ ಡಾಲರ್. ಆದರೆ ಕಾನೂನು ಅದನ್ನು ಬಂಡವಾಳದ ಮೇಲಿನ ಲಾಭ ಎಂದು ನೋಡುತ್ತದೆ. ಅದರ ದರ ಶೇ 20, ತೆರಿಗೆ 40 ಲಕ್ಷ. ಚಿಲ್ಲರೆ ಸೆಸ್ ಬಿಟ್ಟು ಉಳಿತಾಯ 34 ಲಕ್ಷ ಡಾಲರ್. ಬಂಡವಾಳ ಬಹುಪಾಲು ಬೇರೆಯವರದು, ರಿಯಾಯಿತಿ ಇವರಿಗೆ.

ಇದನ್ನು ಮುಚ್ಚಬೇಕು ಎಂದು ಹೇಳದವರಿಲ್ಲ. 2007ರಲ್ಲಿ ಡೆಮಾಕ್ರಟರ ಕೈಯಲ್ಲಿದ್ದ ಕೆಳಮನೆ ಮುಚ್ಚುವ ಮಸೂದೆ ಪಾಸು ಮಾಡಿತು, ಮೇಲ್ಮನೆಯಾದ ಸೆನೆಟ್‌ನಲ್ಲಿ ಅದು ಸತ್ತಿತು. ಒಬಾಮಾ ಮುಚ್ಚುತ್ತೇನೆ ಅಂದರು. 2010ರಲ್ಲಿ ಕೆಳಮನೆ ಮತ್ತೆ ಪಾಸು ಮಾಡಿತು, ಮತ್ತೆ ಸೆನೆಟ್‌ನಲ್ಲಿ ನಿಂತಿತು. 2015ರಲ್ಲಿ ಟ್ರಂಪ್ ಈ ಫಂಡ್‌ನವರು ಕೊಲೆ ಮಾಡಿಯೂ ತಪ್ಪಿಸಿಕೊಳ್ಳುವಂತಿದ್ದಾರೆ ಎಂದು ಟಿವಿಯಲ್ಲಿ ಗುಡುಗಿದರು. 2017ರ ಅವರದೇ ತೆರಿಗೆ ಕಾನೂನು ಮಾಡಿದ್ದಿಷ್ಟು: ಹೂಡಿಕೆಯನ್ನು ಒಂದು ವರ್ಷದ ಬದಲು ಮೂರು ವರ್ಷ ಇಟ್ಟುಕೊಂಡಿರಬೇಕು. ಪ್ರೈವೇಟ್ ಇಕ್ವಿಟಿಯವರು ಹೇಗೂ ಮೂರು ವರ್ಷಕ್ಕಿಂತ ಜಾಸ್ತಿಯೇ ಇಟ್ಟುಕೊಳ್ಳುತ್ತಾರೆ. 2022ರಲ್ಲಿ ಬೈಡನ್ ಸರ್ಕಾರ ಮತ್ತೆ ಕೈ ಹಾಕಿತು. ಸೆನೆಟ್ 50–50 ಇತ್ತು, ಒಂದು ವೋಟು ಜಾರಿದರೂ ಮಸೂದೆ ಬೀಳುತ್ತಿತ್ತು. ಅರಿಜೋನಾದ ಡೆಮಾಕ್ರಟ್ ಸೆನೆಟರ್ ಕಿರ್ಸ್ಟನ್ ಸಿನೆಮಾ ಆ ಅಂಶ ತೆಗೆದರಷ್ಟೇ ನನ್ನ ವೋಟು ಅಂದರು. ತೆಗೆದರು. 2025ರ ಫೆಬ್ರುವರಿಯಲ್ಲಿ ಟ್ರಂಪ್ ಮತ್ತೆ ಮುಚ್ಚುವ ಮಾತಾಡಿದರು. ಜುಲೈ 4ರಂದು ಅವರು ಸಹಿ ಹಾಕಿದ ದೊಡ್ಡ ತೆರಿಗೆ ಕಾನೂನಿನಲ್ಲಿ ಅದರ ಸುದ್ದಿಯೇ ಇರಲಿಲ್ಲ.

ಹದಿನೆಂಟು ವರ್ಷ. ಎರಡೂ ಪಕ್ಷದ ಅಧ್ಯಕ್ಷರು ಬೇಡ ಅಂದ ಕಿಂಡಿ ಇನ್ನೂ ತೆರೆದೇ ಇದೆ. ಇದನ್ನು ಉಳಿಸಿ ಎಂದು ಬೀದಿಗಿಳಿದವರು ಒಬ್ಬರೂ ಇಲ್ಲ, ಇದಕ್ಕಾಗಿ ವೋಟು ಹಾಕಿದವರೂ ಇಲ್ಲ. ದುಡ್ಡಿಗೆ ಚುನಾವಣೆ ಗೆಲ್ಲಿಸಲು ಆಗದಿರಬಹುದು. ಆಗಬೇಕಾದ್ದು ಆಗದಂತೆ ನೋಡಿಕೊಳ್ಳಲು ಅದಕ್ಕೆ ಬೇಕಾದ್ದು ಒಬ್ಬ ಸೆನೆಟರ್, ಇಲ್ಲವೇ ಒಂದು ಮೌನ.

ಯಾವ ಸಾಹುಕಾರರು, ಯಾವ ಪಕ್ಷ

ಎರಡೂ ಪಕ್ಷ ಒಂದೇ ಎಂದು ನಾನು ಹೇಳುತ್ತಿಲ್ಲ. ಎರಡರಲ್ಲೂ ಬೇರೆ ಬೇರೆ ಜಾತಿಯ ಸಾಹುಕಾರರಿದ್ದಾರೆ. ತೈಲ, ಗಣಿ, ಕಾರ್ ಡೀಲರ್‌ಶಿಪ್, ಕಟ್ಟಡ ಕಂಟ್ರಾಕ್ಟು, ಅಂದರೆ ನೆಲಕ್ಕೆ ಅಂಟಿದ ದುಡ್ಡು ಹೆಚ್ಚಾಗಿ ರಿಪಬ್ಲಿಕನ್ ಕಡೆ. ಹಾಲಿವುಡ್, ದೊಡ್ಡ ಲಾ ಫರ್ಮ್‌ಗಳು, ಕರಾವಳಿ ನಗರಗಳ ವೃತ್ತಿಪರರು ಡೆಮಾಕ್ರಟಿಕ್ ಕಡೆ. ಸಿಲಿಕಾನ್ ವ್ಯಾಲಿಯ ಧಣಿಗಳು ಬಹುಕಾಲ ಇತ್ತ ಇದ್ದು, 2024ರಲ್ಲಿ ಕೆಲವರು ಅತ್ತ ನೆಗೆದರು. 2025ರ ಜನವರಿ 20ರಂದು ಟ್ರಂಪ್ ಪ್ರಮಾಣವಚನಕ್ಕೆ ಮಸ್ಕ್, ಬೆಜೋಸ್, ಜುಕರ್‌ಬರ್ಗ್, ಪಿಚೈ ವೇದಿಕೆಯ ಮೇಲೆ, ಮಂತ್ರಿಗಳಾಗಲಿದ್ದವರಿಗಿಂತ ಮುಂದೆ ಕೂತಿದ್ದರು.

ಡೆಮಾಕ್ರಟರು ತಮ್ಮ ಸಾಹುಕಾರರನ್ನು ಹೇಗೆ ನೋಡಿಕೊಳ್ಳುತ್ತಾರೆ ಎಂಬುದಕ್ಕೆ 'ಸಾಲ್ಟ್' ಒಳ್ಳೆಯ ಉದಾಹರಣೆ. ರಾಜ್ಯಕ್ಕೆ, ನಗರಕ್ಕೆ ಕಟ್ಟಿದ ತೆರಿಗೆಯನ್ನು ಕೇಂದ್ರದ ತೆರಿಗೆ ಲೆಕ್ಕದಲ್ಲಿ ಕಳೆಯುವ ಸೌಲಭ್ಯ ಅದು. 2017ರ ಕಾನೂನು ಅದಕ್ಕೆ 10,000 ಡಾಲರ್ ಮಿತಿ ಹಾಕಿತು. ಪೆಟ್ಟು ಬಿದ್ದದ್ದು ನ್ಯೂಯಾರ್ಕ್, ನ್ಯೂಜೆರ್ಸಿ, ಕ್ಯಾಲಿಫೋರ್ನಿಯಾದ ದೊಡ್ಡ ಮನೆ, ದೊಡ್ಡ ಸಂಬಳದವರಿಗೆ. 2021ರಲ್ಲಿ ಬಡವರಿಗೆ, ಮಕ್ಕಳಿಗೆ ನೆರವು ಕೊಡುವ ಬೃಹತ್ ಮಸೂದೆಯಲ್ಲೇ ಕೆಳಮನೆಯ ಡೆಮಾಕ್ರಟರು ಈ ಮಿತಿಯನ್ನು 80,000ಕ್ಕೆ ಏರಿಸುವ ಸಾಲನ್ನೂ ಸೇರಿಸಿದರು. ಸ್ಯಾಂಡರ್ಸ್ ಇದನ್ನು ಬಹಿರಂಗವಾಗಿ ವಿರೋಧಿಸಿದರು. ಮಸೂದೆ ಕಡೆಗೆ ಸೆನೆಟ್ ದಾಟಲಿಲ್ಲ.

ರಿಪಬ್ಲಿಕನ್ನರ ಮುಂದಿರುವ ಇಕ್ಕಟ್ಟು ಇನ್ನೂ ದೊಡ್ಡದು. ವೋಟು ಹಾಕುವವರು ಬದಲಾದರು, ಕಾನೂನು ಬರೆಯುವ ಕೈ ಹಳೆಯದೇ. 2025ರ ಜುಲೈ ಕಾನೂನು ಬಡವರ ಆರೋಗ್ಯ ವಿಮೆಯಾದ ಮೆಡಿಕೇಡ್‌ಗೆ ಹತ್ತು ವರ್ಷದಲ್ಲಿ ಸುಮಾರು ಒಂದು ಲಕ್ಷ ಕೋಟಿ ಡಾಲರ್‌ನಷ್ಟು ಕತ್ತರಿ ಹಾಕಿತು. ಕಾಂಗ್ರೆಸ್‌ನದೇ ಬಜೆಟ್ ಕಚೇರಿಯ ಅಂದಾಜಿನಂತೆ, ತಳದ ಶೇ 10ರಷ್ಟು ಜನ ಇದರಿಂದ ಕಳೆದುಕೊಳ್ಳುತ್ತಾರೆ, ತುದಿಯ ಶೇ 10ರಷ್ಟು ಜನ ಗಳಿಸುತ್ತಾರೆ. ಮಿಸ್ಸೌರಿಯ ರಿಪಬ್ಲಿಕನ್ ಸೆನೆಟರ್ ಜೋಶ್ ಹಾಲಿ ಮೇ ತಿಂಗಳಲ್ಲಿ, ಮೆಡಿಕೇಡ್‌ಗೆ ಕೈ ಹಾಕುವುದು ನೈತಿಕವಾಗಿ ತಪ್ಪು, ರಾಜಕೀಯವಾಗಿ ಆತ್ಮಹತ್ಯೆ ಎಂದು ಪತ್ರಿಕೆಯಲ್ಲಿ ಬರೆದರು. ಜುಲೈನಲ್ಲಿ ಪರವಾಗಿ ವೋಟು ಹಾಕಿದರು.

ಪಕ್ಷದ ಹಂಗೇ ಬೇಡ ಎನ್ನುವ ಹೊಸ ದುಡ್ಡು ಕ್ರಿಪ್ಟೊದ್ದು. ಕಾಯಿನ್‌ಬೇಸ್, ರಿಪಲ್, ಆಂಡ್ರೀಸನ್ ಹೊರೊವಿಟ್ಜ್ ಎಂಬ ಕಂಪನಿಗಳು ಸೇರಿ ಫೇರ್‌ಶೇಕ್ ಎಂಬ ಸೂಪರ್ ಪ್ಯಾಕ್ ಕಟ್ಟಿದವು. 2024ರಲ್ಲಿ ಅದು ಎರಡೂ ಪಕ್ಷದ ಗೆಳೆಯರಿಗೆ ಹಣ ಹಾಕಿತು. ಓಹಾಯೊದಲ್ಲಿ ಸೆನೆಟ್ ಬ್ಯಾಂಕಿಂಗ್ ಸಮಿತಿಯ ಅಧ್ಯಕ್ಷ ಶೆರಾಡ್ ಬ್ರೌನ್ ಕ್ರಿಪ್ಟೊ ಬಗ್ಗೆ ಅನುಮಾನ ಇಟ್ಟುಕೊಂಡಿದ್ದವರು. ಅವರನ್ನು ಸೋಲಿಸಲು ಸುಮಾರು 4 ಕೋಟಿ ಡಾಲರ್ ಸುರಿಯಿತು. ಅವರು ಸೋತರು. ಸೋಲಿಗೆ ಅದೊಂದೇ ಕಾರಣ ಅಲ್ಲ, ಓಹಾಯೊ ಆಗಲೇ ರಿಪಬ್ಲಿಕನ್ ಕಡೆ ವಾಲಿತ್ತು. ಆದರೆ ಗೆದ್ದು ಕೂತ ಉಳಿದವರಿಗೆ ಪಾಠ ತಲುಪಿತು. ಮರುವರ್ಷ ಕ್ರಿಪ್ಟೊ ಉದ್ಯಮ ಬಯಸಿದ ಜೀನಿಯಸ್ ಕಾಯ್ದೆ ಸೆನೆಟ್‌ನಲ್ಲಿ 68–30ರಲ್ಲಿ ಪಾಸಾಯಿತು. ಎರಡೂ ಪಕ್ಷದವರು ಕೈ ಜೋಡಿಸಿದ ಅಪರೂಪದ ಗಳಿಗೆ!

ಈ ಎಲ್ಲವನ್ನೂ ಅಂಕಿಗಳಲ್ಲಿ ಅಳೆಯಲು ಹೊರಟವರಿದ್ದಾರೆ. ಮಾರ್ಟಿನ್ ಗಿಲೆನ್ಸ್, ಬೆಂಜಮಿನ್ ಪೇಜ್ ಎಂಬ ವಿದ್ವಾಂಸರು 1,779 ನೀತಿ ಪ್ರಶ್ನೆಗಳನ್ನು ಪರಿಶೀಲಿಸಿ 2014ರಲ್ಲಿ ಪ್ರಕಟಿಸಿದರು: ಶ್ರೀಮಂತರ ಒಲವು ಕಾನೂನಿನಲ್ಲಿ ಕಾಣುತ್ತದೆ, ಸಾಮಾನ್ಯರ ಒಲವಿಗೆ ಸ್ವಂತ ಪ್ರಭಾವ ಹೆಚ್ಚುಕಡಿಮೆ ಇಲ್ಲ. ಇದು ಬಹಳ ಸುದ್ದಿಯಾಯಿತು. ಬೇರೆ ವಿದ್ವಾಂಸರು ಅದೇ ಅಂಕಿಗಳನ್ನು ತಿರುಗಿಸಿ ನೋಡಿ ಬೇರೆ ಮಾತು ಹೇಳಿದರು: ಮಧ್ಯಮ ವರ್ಗ ಮತ್ತು ಶ್ರೀಮಂತರು ಹತ್ತರಲ್ಲಿ ಒಂಬತ್ತು ವಿಷಯಗಳಲ್ಲಿ ಒಂದೇ ಅಭಿಪ್ರಾಯದವರು, ಜಗಳ ಇದ್ದ ಕಡೆ ಗೆಲುವು ಸುಮಾರು ಅರ್ಧರ್ಧ. ಎರಡನೆಯ ಮಾತಿನಲ್ಲೂ ತೂಕ ಇದೆ. ಆದರೆ ಮತಕ್ಕೇ ಬರದ ಪ್ರಶ್ನೆಗಳನ್ನು ಯಾವ ಸಮೀಕ್ಷೆಯೂ ಎಣಿಸುವುದಿಲ್ಲ. ನನ್ನ ಅನುಮಾನ ಇರುವುದು ಅಲ್ಲಿಯೇ.

ನಮ್ಮ ಕಡೆಯವರೂ ಈ ಕಥೆಯಲ್ಲಿದ್ದಾರೆ. ಶ್ರೀ ಥಾನೇದಾರ್ ಹುಟ್ಟಿದ್ದು ಚಿಕ್ಕೋಡಿಯಲ್ಲಿ, ಬೆಳೆದಿದ್ದು ಬೆಳಗಾವಿಯಲ್ಲಿ. 1979ರಲ್ಲಿ ಅಮೆರಿಕಕ್ಕೆ ಹೋಗಿ ಕೆಮಿಕಲ್ ಟೆಸ್ಟಿಂಗ್ ಲ್ಯಾಬ್ ಉದ್ಯಮದಲ್ಲಿ ದುಡ್ಡು ಮಾಡಿದರು, ಒಮ್ಮೆ ಉದ್ಯಮ ಕಳೆದುಕೊಂಡು ಮತ್ತೆ ಎದ್ದರು. 2018ರಲ್ಲಿ ಮಿಷಿಗನ್ ಗವರ್ನರ್ ಹುದ್ದೆಯ ಡೆಮಾಕ್ರಟಿಕ್ ಪ್ರೈಮರಿಗೆ ಸುಮಾರು 1 ಕೋಟಿ ಡಾಲರ್ ಸ್ವಂತ ಹಣ ಹಾಕಿ ಮೂರನೇ ಸ್ಥಾನಕ್ಕೆ ಬಂದರು. ಛಲ ಬಿಡಲಿಲ್ಲ. 2022ರಲ್ಲಿ ಡೆಟ್ರಾಯ್ಟ್‌ನಿಂದ ಕಾಂಗ್ರೆಸ್‌ಗೆ ನಿಂತರು, ಮತ್ತೆ ಸ್ವಂತ ದುಡ್ಡು. ಒಂಬತ್ತು ಜನರ ಪ್ರೈಮರಿಯಲ್ಲಿ ಶೇ 28ರಷ್ಟು ವೋಟು ಸಾಕಾಯಿತು. ಅವರ ಎದುರಾಳಿಯ ಪರವಾಗಿ ಹೊರಗಿನ ಸೂಪರ್ ಪ್ಯಾಕ್‌ಗಳು ಲಕ್ಷಾಂತರ ಡಾಲರ್ ಸುರಿದಿದ್ದವು. ಕಪ್ಪು ಜನಾಂಗದವರೇ ಬಹುಸಂಖ್ಯಾತರಾದ ಡೆಟ್ರಾಯ್ಟ್‌ಗೆ ಸುಮಾರು 70 ವರ್ಷದಲ್ಲಿ ಮೊದಲ ಬಾರಿ ಕಾಂಗ್ರೆಸ್‌ನಲ್ಲಿ ಕಪ್ಪು ಪ್ರತಿನಿಧಿ ಇಲ್ಲದಾಯಿತು. ಬೆಳಗಾವಿಯ ಹುಡುಗ ಅಲ್ಲಿಗೆ ತಲುಪಿದ್ದು ಹೆಮ್ಮೆಯ ಮಾತೇ. ಆದರೆ ಅಭ್ಯರ್ಥಿ ತನ್ನ ಮೇಲೆ ತಾನು ಎಷ್ಟು ಬೇಕಾದರೂ ಖರ್ಚು ಮಾಡಬಹುದು ಎಂಬ 1976ರ ತೀರ್ಪು ಇಲ್ಲದಿದ್ದರೆ ಆ ದಾರಿ ತೆರೆಯುತ್ತಿರಲಿಲ್ಲ ಎನ್ನುವುದೂ ಅಷ್ಟೇ ನಿಜ.

ಅಮೆರಿಕದಲ್ಲಿರುವ ಕನ್ನಡಿಗರಿಗೆ ಕೊನೆಗೆ ಒಂದು ಉಪಯೋಗದ ಮಾತು. ಎಚ್-1ಬಿ ವೀಸಾದಲ್ಲಿದ್ದರೆ ಯಾವ ಅಭ್ಯರ್ಥಿಗೂ ಒಂದು ಡಾಲರ್ ಕೂಡ ಕೊಡುವಂತಿಲ್ಲ, ಅದು ಅಪರಾಧ. ಗ್ರೀನ್ ಕಾರ್ಡ್ ಇದ್ದರೆ ವೋಟು ಇಲ್ಲ, ಆದರೆ ದೇಣಿಗೆ ಕೊಡಬಹುದು. ವೋಟಿಗೆ ಮೊದಲು ನೋಟಿಗೆ ಬಾಗಿಲು ತೆರೆಯುತ್ತದೆ! 200 ಡಾಲರ್ ಮೀರಿ ಕೊಟ್ಟವರ ಹೆಸರು, ಊರು, ಕೆಲಸ, ಕಂಪನಿ ಎಲ್ಲ ಚುನಾವಣಾ ಆಯೋಗದ ವೆಬ್‌ಸೈಟ್‌ನಲ್ಲಿ ಯಾರು ಬೇಕಾದರೂ ಹುಡುಕಬಹುದು. ನಿಮ್ಮ ಸಂಸದರ ಹೆಸರು ಹಾಕಿ ನೋಡಿ, ಯಾವ ಉದ್ಯಮದ ದುಡ್ಡು ಎಂಬುದು ಹತ್ತು ನಿಮಿಷದಲ್ಲಿ ಗೊತ್ತಾಗುತ್ತದೆ. ಆಯೋಗ ಏನಾದರೂ ಕ್ರಮ ಕೈಗೊಳ್ಳುತ್ತದೆ ಎಂದು ಮಾತ್ರ ಕಾಯಬೇಡಿ. ಆರು ಸ್ಥಾನ, ಒಂದೇ ಪಕ್ಷದವರು ಮೂರಕ್ಕಿಂತ ಹೆಚ್ಚು ಇರುವಂತಿಲ್ಲ, ತೀರ್ಮಾನಕ್ಕೆ ನಾಲ್ಕು ವೋಟು ಬೇಕು. ಮೂರು–ಮೂರು ಆಗಿ ನಿಲ್ಲುವುದು ಅದರ ಹಳೇ ಚಾಳಿ. 2025ರ ಮೇ ಹೊತ್ತಿಗೆ ಸಭೆ ನಡೆಸಲು ಬೇಕಾದಷ್ಟು ಸದಸ್ಯರೂ ಅದರಲ್ಲಿ ಉಳಿದಿರಲಿಲ್ಲ.